ಹಕ್ಕಿಗಳೂ ಗೃಹಸ್ಥಧರ್ಮವೂ

ದಾಸೋಹವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಠದ ಪಂಕ್ತಿ, ಎಡೆಯ ಮುಂದೆ ಕುಳಿತ ಜಂಗಮ, ಬಾಗಿಲಿಗೆ ಬಂದ ಹಸಿದವನು. ಇವೆಲ್ಲವೂ ಯುಕ್ತವಾದುವೇ. ಆದರೆ ಹಂಚಿ ಉಣ್ಣುವ ಗುಣವನ್ನು ಮನುಷ್ಯನಿಗೆ ತಿಳಿಯಹೇಳಬೇಕಾಗಿ ಬಂದಾಗ ಬಸವಣ್ಣನವರು ಯಾರನ್ನು ಮೇಲ್ಪಂಕ್ತಿಯಾಗಿ ಕಾಣಿಸಿದರೆಂಬುದನ್ನು ನೆನೆಯತಕ್ಕದ್ದು. ಅರಸನನ್ನಲ್ಲ, ಪಂಡಿತನನ್ನಲ್ಲ, ಅಂಗಳದ ಕಾಗೆಯನ್ನೂ ತಿಪ್ಪೆಯ ಕೋಳಿಯನ್ನೂ ಕಾಣಿಸಿದರು. ಸಿಕ್ಕಿದ ಒಂದೇ ಕಾಳಿಗೂ ತನ್ನವರನ್ನು ಕೂಗಿ ಕರೆಯುವ ಆ ಬುದ್ಧಿ ಭಕ್ತನೆನಿಸಿಕೊಂಡವನಲ್ಲಿ ಇಲ್ಲದಿದ್ದರೆ ಅವನು ಅವುಗಳಿಗಿಂತ ಕೀಳೆಂಬುದು ಆ ವಚನದ ತಾತ್ಪರ್ಯ. ಹಕ್ಕಿಯು ಅಲ್ಲಿ ನಮ್ಮ ಗುರುವಿನ ಸ್ಥಾನದಲ್ಲಿದೆ. ಹಾಗಿರುವಾಗ ಆ ಗುರುವಿಗೆ ನಮ್ಮ ಅಂಗಳದಲ್ಲಿ ಒಂದು ಬೊಗಸೆ ನೀರಿಲ್ಲ, ಹಿತ್ತಿಲಿನಲ್ಲಿ ಕೂರಲೊಂದು ಕೊಂಬೆಯಿಲ್ಲವೆಂದರೆ ಅದು ನಾವು ಯೋಚಿಸಬೇಕಾದ ವಿಷಯವೇ ಸರಿ.

ಈ ವಿಷಯವನ್ನು ಎತ್ತಿಕೊಳ್ಳಲು ಇನ್ನೊಂದು ಕಾರಣವುಂಟು. ಈ ಲೇಖಕನ ಬಾಲ್ಯದಲ್ಲಿ ಒಂದು ಬೇಸಗೆ. ಶಾಲೆಯಲ್ಲಿ ಗುರುಗಳು ಪ್ರಾಣಿದಯೆಯ ಪಾಠ ಹೇಳಿದ್ದರು. ಮನೆಗೆ ಬಂದವನೇ ತಾಮ್ರದ ಕೊಳಗವೊಂದನ್ನು ತುಂಬ ನೀರು ತುಂಬಿ ಹಿತ್ತಿಲಿನ ಕಟ್ಟೆಯ ಮೇಲಿಟ್ಟು, ಪುಣ್ಯ ಕಟ್ಟಿಕೊಂಡೆನೆಂಬ ಹಿಗ್ಗಿನಿಂದ ಮಲಗಿದೆನು. ಮರುದಿನ ಬೆಳಗ್ಗೆ ಆ ನೀರಿನಲ್ಲಿ ಎರಡು ಗುಬ್ಬಿಮರಿಗಳು ಸತ್ತು ತೇಲುತ್ತಿದ್ದುವು. ಕೊಳಗದ ಗೋಡೆ ನುಣುಪು, ನೀರು ಆಳ. ಬಿದ್ದ ಮರಿಗೆ ಕಾಲೂರಲು ಎಡೆಯಿರಲಿಲ್ಲ. ಅಳುತ್ತ ನಿಂತ ನನ್ನನ್ನು ಕಂಡು ಅಜ್ಜ ಬೈಯಲಿಲ್ಲ. “ತಮ್ಮಾ, ನೀರು ಇಟ್ಟಿ, ಛಲೋ ಆತು. ಆದರ ಕುಡಿಯವರ ಕಾಲು ಎಷ್ಟುದ್ದ ಅದಾವ ಅಂತ ನೋಡಿದ್ಯೇನು?” ಎಂದಷ್ಟೇ ಕೇಳಿದನು.

ಆ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ. ಕೊಡಬೇಕೆಂಬ ಮನಸ್ಸು ಮೊದಲ ಮೆಟ್ಟಿಲು. ಪಡೆಯುವವನನ್ನು ಅರಿಯುವುದು ಎರಡನೆಯದು. ಅರಿವಿಲ್ಲದ ಕ್ರಿಯೆಯನ್ನೂ ಕ್ರಿಯೆಯಿಲ್ಲದ ಅರಿವನ್ನೂ ಶರಣರು ಒಪ್ಪಲಿಲ್ಲ. ಹಕ್ಕಿಗಳ ಸೇವೆಯಲ್ಲಿಯೂ ಅದೇ ನಿಯಮ. ಆದುದರಿಂದ ಋತುಋತುವಿಗೆ ನಮ್ಮ ನಾಡಿನ ಹಕ್ಕಿಗಳ ಬಾಳು ಹೇಗಿರುವುದು, ಅದಕ್ಕೆ ತಕ್ಕಂತೆ ಗೃಹಸ್ಥನು ಮಾಡತಕ್ಕದ್ದೇನು, ಮಾಡದಿರತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಬೇಸಗೆ: ಹಕ್ಕಿಗಳ ಅರವಟ್ಟಿಗೆ

ಚೈತ್ರ ವೈಶಾಖಗಳಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವ ಧರ್ಮ ನಮ್ಮಲ್ಲಿ ಹಳೆಯದು. ಅದೇ ಅರವಟ್ಟಿಗೆಯನ್ನು ಅಂಗಳಕ್ಕೆ ವಿಸ್ತರಿಸಿದರೆ ಸಾಕು. ಕೆರೆಕುಂಟೆ ಬತ್ತಿ, ಹಳ್ಳದ ಮರಳು ಕಾದು, ಊರಿನ ಹಳೆಯ ಬಾವಿಗಳಿಗೆ ಮುಚ್ಚಳ ಬಿದ್ದಿರುವ ಈ ಕಾಲದಲ್ಲಿ ಹಕ್ಕಿಗೆ ಕಾಳಿಗಿಂತ ನೀರೇ ದುರ್ಲಭ. ಹಕ್ಕಿಗೆ ನಮ್ಮಂತೆ ಬೆವರುವ ಚರ್ಮವಿಲ್ಲ; ಕೊಕ್ಕು ತೆರೆದು ಏದುವುದರಿಂದಲೇ ಅದು ಮೈಯ ಬಿಸಿಯನ್ನು ಕಳೆದುಕೊಳ್ಳುವುದು. ಹಾಗೆ ಏದುವಾಗ ಮೈಯ ನೀರು ಆರಿಹೋಗುತ್ತದೆ. ನಡುಹಗಲಿನಲ್ಲಿ ಬೇವಿನ ನೆರಳಿನಲ್ಲಿ ಕಾಗೆಯು ಬಾಯ್ದೆರೆದು ಕುಳಿತಿರುವುದನ್ನು ಯಾರು ಕಂಡಿಲ್ಲ?

ನೀರಿಡುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಇದಕ್ಕೆ ಬಹಳ ಯೋಗ್ಯ. ನೀರಿನ ಆಳ ಒಂದೆರಡು ಅಂಗುಲಕ್ಕೆ ಮೀರಬಾರದು. ನಡುವೆ ಒಂದು ಒರಟು ಕಲ್ಲನ್ನಿಟ್ಟರೆ ಗುಬ್ಬಿ, ಟುವ್ವಿಹಕ್ಕಿಗಳಂತಹ ಸಣ್ಣವೂ ಅದರ ಮೇಲೆ ನಿಂತು ಕುಡಿಯುವುವು. ಬೆಳವ, ಗೊರವಂಕ, ಪಿಕಳಾರಗಳು ಇಳಿದು ಮೀಯುವುವು. ತಟ್ಟೆಯು ನೆರಳಿನಲ್ಲಿರಬೇಕು; ಬಿಸಿಲಿನಲ್ಲಿಟ್ಟ ನೀರು ಗಳಿಗೆಯಲ್ಲಿ ಕಾಯುತ್ತದೆ. ಹತ್ತಿರದಲ್ಲಿ ಹಾರಿ ಕೂರಲು ಕೊಂಬೆಯಿರಲಿ, ಆದರೆ ಬೆಕ್ಕು ಹೊಂಚಿ ಕೂರುವಂತಹ ಪೊದೆಗೆ ತಾಗಿರಬಾರದು. ದಿನವೂ ಹಳೆಯ ನೀರನ್ನು ಗಿಡಕ್ಕೆ ಚೆಲ್ಲಿ, ತಟ್ಟೆಯನ್ನು ನಾರಿನಿಂದ ತಿಕ್ಕಿ, ಹೊಸ ನೀರು ಹಾಕಬೇಕು. ಹೀಗೆ ಮಾಡದಿದ್ದರೆ ಪಾಚಿಗಟ್ಟಿದ ನೀರಿನಿಂದ ಒಂದು ಹಕ್ಕಿಯ ರೋಗ ಹತ್ತು ಹಕ್ಕಿಗೆ ತಗಲುವುದಲ್ಲದೆ ಮನೆಯವರಿಗೆ ಸೊಳ್ಳೆಯ ಬಾಧೆಯೂ ಉಂಟಾಗುವುದು. ಇಂದು ಇಟ್ಟು ನಾಳೆ ಮರೆಯುವುದಕ್ಕಿಂತ, ಮನೆಯ ಮಗುವೊಂದಕ್ಕೆ ಇದನ್ನು ನಿತ್ಯದ ಕಾಯಕವಾಗಿ ಒಪ್ಪಿಸಿಕೊಡುವುದು ಲೇಸು. ನೀರಿಗೆ ರೂಢಿಯಾದ ಹಕ್ಕಿ ಅದನ್ನೇ ನಂಬಿ ಬರುವುದು, ನಂಬಿಸಿ ತಪ್ಪಬಾರದು.

ಬೇಸಗೆಯು ಬರಿಯ ತಾಪದ ಕಾಲವಲ್ಲ. ಮುತ್ತುಗ, ಬೂರುಗ, ಹಾಲುವಾಣಗಳು ಎಲೆಯುದುರಿಸಿ ಕೆಂಪಗೆ ಹೂವೇರಿದಾಗ ಆ ಮರಗಳು ಹಕ್ಕಿಗಳ ಪಂಕ್ತಿಯಾಗುತ್ತವೆ. ಮಕರಂದಕ್ಕೆಂದು ಕೊಕ್ಕಿಟ್ಟ ಗೊರವಂಕದ ಹಣೆಗೆ ಪರಾಗ ಮೆತ್ತಿಕೊಂಡಿರುತ್ತದೆ. ಆ ಹಣೆಯೊಡನೆ ಅದು ಇನ್ನೊಂದು ಮರಕ್ಕೆ ಹೋಗುತ್ತದೆ, ಅಲ್ಲಿ ಕಾಯಿ ಕಟ್ಟುತ್ತದೆ. ಬೇವಿನ ಹಣ್ಣಿಗೆ ಕೋಗಿಲೆಯೂ ಪಿಕಳಾರವೂ ಬರುವುವು. ಹಣ್ಣನ್ನುಂಡು ಬೀಜವನ್ನು ಬೇರೆಡೆಯಲ್ಲಿ ಬೀಳಿಸುವುವು. ಹಾಳುಗೋಡೆಯ ಬಿರುಕಿನಲ್ಲಿ ಆಲದ ಸಸಿ ಏಳುವುದೂ ಹೀಗೆಯೇ. ಮರವು ಉಣ್ಣಿಸಿದುದಕ್ಕೆ ಹಕ್ಕಿಯು ದುಡಿದು ಋಣ ತೀರಿಸುತ್ತದೆ. ಕಾಯಕವಿಲ್ಲದೆ ಉಣ್ಣುವ ಜೀವ ಈ ತೋಟದಲ್ಲಿಲ್ಲ.

ಮಳೆಗಾಲ: ಗೂಡು ಮತ್ತು ಮರಿ

ಮುಂಗಾರು ಬಿದ್ದು ಹೊಲ ಹಸಿರಾದಂತೆ ಗೀಜಗನ ಸಂಸಾರ ಮೊದಲಾಗುತ್ತದೆ. ಬಾವಿಯ ಮೇಲಕ್ಕೆ ಬಾಗಿದ ಜಾಲಿ, ಹಳ್ಳದ ದಂಡೆಯ ಈಚಲು ಇವೇ ಅದರ ಆಯ್ಕೆ. ಹಾವು ಇಲಿಗಳು ಸುಲಭವಾಗಿ ಬರಲಾರವು. ಗೂಡು ಕಟ್ಟುವುದು ಗಂಡು. ಹುಲ್ಲನ್ನೂ ಪೈರಿನ ಗರಿಯನ್ನೂ ಉದ್ದುದ್ದ ಸೀಳಿ ತಂದು, ಕೊಕ್ಕಿನಿಂದಲೇ ಗಂಟಿಕ್ಕಿ ನೇಯುತ್ತದೆ. ಅರ್ಧ ಕಟ್ಟಿದಾಗ ಹೆಣ್ಣು ಬಂದು ಒಳಹೊಕ್ಕು ನೋಡುವುದು. ಒಪ್ಪಿದರೆ ಉಳಿದುದನ್ನು ಪೂರೈಸಿ, ಕೆಳಗೆ ಇಳಿಬಿದ್ದ ಕೊಳವೆಯಂತಹ ಬಾಗಿಲನ್ನು ಕಟ್ಟುವುದು. ಒಪ್ಪದಿದ್ದರೆ ಆ ಗೂಡು ಅರೆಗೂಡಾಗಿಯೇ ಉಳಿಯುವುದು. ಒಂದೇ ಮರದಲ್ಲಿ ಪೂರ್ಣ ಗೂಡುಗಳ ಜೊತೆಗೆ ಅರೆಗೂಡುಗಳು ತೂಗುವುದರ ಮರ್ಮವಿದು. ಗೂಡಿನೊಳಗೆ ಹಸಿಮಣ್ಣಿನ ಉಂಡೆಗಳನ್ನು ಮೆತ್ತಿರುವುದೂ ಉಂಟು. ಮಕ್ಕಳಿಗೆ ಇದನ್ನು ದೂರದಿಂದ ತೋರಿಸಿ ಹೇಳಿದರೆ, ನೇಕಾರಿಕೆಯ ಮೇಲೂ ದುಡಿಮೆಯ ಮೇಲೂ ಗೌರವ ತಾನಾಗಿ ಹುಟ್ಟೀತು.

ಗುಬ್ಬಿಯ ಕಥೆ ಬೇರೆ. ಅದು ಮನುಷ್ಯನ ಮನೆಯನ್ನೇ ನಂಬಿದ ಹಕ್ಕಿ. ಮಣ್ಣಿನ ಮಾಳಿಗೆ, ತೊಲೆ ಜಂತಿಗಳ ಸಂದು, ಹೆಂಚಿನ ಅಡಿ ಇವು ಅದರ ಹೆರಿಗೆಯ ಕೋಣೆಗಳಾಗಿದ್ದುವು. ತೊಲೆಗೆ ತೆನೆಯ ಗೊಂಚಲನ್ನು ಕಟ್ಟುವ ರೂಢಿಯೂ ಇತ್ತು. ಈಗ ಮನೆಗಳು ಸಿಮೆಂಟಿನವಾದುವು, ಗೋಡೆಯಲ್ಲಿ ಸಂದಿಲ್ಲ. ಅಂಗಳದಲ್ಲಿ ಕುಟ್ಟುವುದು ಕೇರುವುದು ನಿಂತಿತು, ಕಾಳು ಚೆಲ್ಲುವುದಿಲ್ಲ. ಊರೂರಿನಲ್ಲಿ ಗುಬ್ಬಿ ಕಾಣೆಯಾಯಿತೆಂಬ ಕೊರಗು ಎದ್ದು, 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ.

ಗುಬ್ಬಿಗೆ ಮನೆ ಮಾಡಿಕೊಡುವುದು ಕಷ್ಟವಲ್ಲ. ಹಲಗೆಯ ಸಣ್ಣ ಪೆಟ್ಟಿಗೆಗೆ ಸುಮಾರು ಒಂದೂಕಾಲು ಅಂಗುಲದ ದುಂಡುತೂತನ್ನು ಕೊರೆದು, ಬಿಸಿಲು ಮಳೆ ಬಡಿಯದ, ಬೆಕ್ಕಿಗೆ ಎಟುಕದ ಎತ್ತರದ ಗೋಡೆಗೆ ತೂಗಹಾಕಿದರಾಯಿತು. ಆದರೆ ಇಲ್ಲಿಯೂ ಅಜ್ಜನ ಪ್ರಶ್ನೆಯನ್ನು ಮರೆಯಬಾರದು. ಗುಬ್ಬಿ ತಾನು ಕಾಳು ತಿನ್ನುವುದಾದರೂ ಎಳೆಮರಿಗೆ ಉಣಿಸುವುದು ಹುಳುವನ್ನು. ಪೆಟ್ಟಿಗೆ ತೂಗಹಾಕಿ, ನವಣೆಯನ್ನು ಸುರಿದು, ಹಿತ್ತಿಲಿನ ಗಿಡಗಳಿಗೆಲ್ಲ ವಿಷವನ್ನು ಸಿಂಪಡಿಸಿದರೆ ಆ ಮರಿ ಉಪವಾಸದಿಂದ ಸಾಯುವುದು. ಹಿತ್ತಿಲಿನಲ್ಲಿ ದಾಸವಾಳ, ಕರಿಬೇವು, ಬದನೆ, ಬೆಂಡೆಗಳಿದ್ದು, ಅವುಗಳ ಮೇಲೆ ಒಂದಿಷ್ಟು ಹುಳುವೂ ಇದ್ದರೆ ಅದೇ ನಿಜವಾದ ಅನ್ನಛತ್ರ.

ಗಾಳಿಮಳೆಗೆ ಮರಿಯೊಂದು ನೆಲಕ್ಕೆ ಬಿದ್ದಿದ್ದರೆ ಮಾಡತಕ್ಕದ್ದೇನು? ಗರಿ ಬಲಿತು ಕುಪ್ಪಳಿಸುವ ಮರಿಯಾದರೆ ಅದು ಹಾರಲು ಕಲಿಯುತ್ತಿರುವ ಮರಿ. ತಾಯಿತಂದೆಗಳು ಹತ್ತಿರದಲ್ಲಿಯೇ ಇರುತ್ತವೆ. ಬೆಕ್ಕು ನಾಯಿಗಳನ್ನು ದೂರವಿಟ್ಟು, ಮರಿಯನ್ನು ಹತ್ತಿರದ ಕೊಂಬೆಯ ಮೇಲಿಟ್ಟು ಸರಿದು ನಿಲ್ಲಬೇಕು. ಗರಿಯಿಲ್ಲದ ಎಳೆಮರಿಯಾದರೆ ಗೂಡು ಕೈಗೆ ಎಟುಕುವಂತಿದ್ದರೆ ಅದರಲ್ಲಿ ಮರಳಿ ಇಡಬೇಕು. ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿ ತೊರೆಯುವುದೆಂಬ ನಂಬಿಕೆ ಸರಿಯಲ್ಲ. ಮರುಕದಿಂದ ಮನೆಗೆ ಒಯ್ದು ಬಾಯಿಗೆ ಹಾಲು ಹಿಂಡುವವರಿದ್ದಾರೆ. ಹಕ್ಕಿಗೆ ಹಾಲು ಆಹಾರವಲ್ಲ. ಬಲವಂತದಿಂದ ಹಿಂಡಿದ ಹನಿ ಉಸಿರಿನ ನಾಳಕ್ಕೆ ಇಳಿದು ಕೊಲ್ಲಬಹುದು.

ಮಳೆಗಾಲವು ಸಸಿ ನೆಡುವ ಕಾಲವೂ ಹೌದು. ಮನೆಯ ಮುಂದೆ ಎಡೆಯಿಲ್ಲದಿದ್ದರೆ ಹೊಲದ ಬದುವಿದೆ, ಮಠದ ಆವರಣವಿದೆ, ಊರ ಕೆರೆಯ ಏರಿಯಿದೆ. ಆಲ, ಅತ್ತಿ, ಬಸರಿ, ನೇರಳೆ, ಬೇವು ಇವು ನಾವು ನೆಟ್ಟು ಮೊಮ್ಮಕ್ಕಳ ಕಾಲಕ್ಕೂ ಹಕ್ಕಿಗಳಿಗೆ ಉಣಿಸುವ ಮರಗಳು. ಒಂದು ಚೀಲ ಕಾಳು ಒಂದು ತಿಂಗಳಿಗೆ ಮುಗಿಯುವುದು. ಒಂದು ಆಲದ ಸಸಿ ನೂರು ವರ್ಷದ ದತ್ತಿ.

ಸುಗ್ಗಿ ಮತ್ತು ಚಳಿಗಾಲ: ದೂರದ ಅತಿಥಿಗಳು

ಕಾರ್ತಿಕ ಮಾರ್ಗಶಿರಗಳಲ್ಲಿ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಗೆ ಹೋಗಿ ನಿಂತವರು ಒಂದು ಸೋಜಿಗವನ್ನು ಕಾಣುವರು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಸಾವಿರಗಟ್ಟಲೆಯಾಗಿ ನೀರಿನ ಮೇಲೆ ಕುಳಿತಿರುತ್ತವೆ. ಇವಕ್ಕೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಇವುಗಳ ತವರು ಟಿಬೆಟ್ಟಿನ ಪ್ರಸ್ಥಭೂಮಿ ಮತ್ತು ಮಂಗೋಲಿಯದ ಕೆರೆಗಳು. ಚಳಿ ಏರಿ ಅಲ್ಲಿ ನೀರು ಹೆಪ್ಪುಗಟ್ಟುವಾಗ ಹೊರಟು, ಗಾಳಿಯೇ ತೆಳುವಾದ ಹಿಮಾಲಯವನ್ನು ದಾಟಿ, ನಮ್ಮ ಎರೆಭೂಮಿಯ ಕೆರೆಗೆ ಬಂದಿಳಿಯುತ್ತವೆ. ಮಂಗೋಲಿಯದಲ್ಲಿ ಗುರುತುಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದುದುಂಟು. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದಂತೆ ಸುತ್ತಲಿನ ಹೊಲಗಳಿಗೆ ಹಾರಿ, ಒಕ್ಕಲಾದ ಮೇಲೆ ಉಳಿದ ಶೇಂಗಾಕಾಯಿ, ಎಳೆಯ ಪೈರು, ಹುಲ್ಲುಗಳನ್ನು ಮೇಯುತ್ತವೆ. ಬೇಸಗೆ ತಲೆದೋರುವ ಹೊತ್ತಿಗೆ ಮರಳಿ ಹೊರಡುತ್ತವೆ. ಈ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜಲಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದುವು. ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟು ಅದಕ್ಕೂ ಮೊದಲು, 2022ರಲ್ಲಿ, ಸೇರಿತ್ತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಆ ದ್ವೀಪಗಳ ಮಹತ್ವವನ್ನು ತಿಳಿಸಿದುದರಿಂದ 1940ರಲ್ಲಿಯೇ ಸಂಸ್ಥಾನವು ಅದನ್ನು ಪಕ್ಷಿಧಾಮವೆಂದು ಸಾರಿತು.

ಹೊಲದಲ್ಲಿ ಹಿಂಗಾರಿ ಜೋಳ ತೆನೆಗಟ್ಟುವುದೂ ಇದೇ ಕಾಲ. ಮಧ್ಯ ಏಷ್ಯದಿಂದ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಬಂದು ತೆನೆಗೆ ಮುಗಿಬೀಳುವುವು. ಒಕ್ಕಲಿಗನಿಗೆ ಇದು ಹರ್ಷದ ವಿಷಯವಲ್ಲ. ವರ್ಷದ ದುಡಿಮೆಯನ್ನು ಹಕ್ಕಿಗೆ ಒಪ್ಪಿಸಿ ಮಕ್ಕಳನ್ನು ಉಪವಾಸ ಕೆಡವೆಂದು ಯಾವ ಧರ್ಮವೂ ಹೇಳದು. ನಮ್ಮ ಹಿರಿಯರು ಅಟ್ಟಣಿಗೆಯನ್ನು ಕಟ್ಟಿ, ಕವಣೆ ಬೀಸಿ, ತಮಟೆ ಬಡಿದು, ಕೂಗಿ ಓಡಿಸಿದರು. ಓಡಿಸುವುದು ರಕ್ಷಣೆ, ವಿಷವಿಡುವುದು ಹಿಂಸೆ. ಇವೆರಡರ ನಡುವಿನ ಗೆರೆಯನ್ನು ಅವರು ಬಲ್ಲವರಾಗಿದ್ದರು. ಇದೇ ಕಬ್ಬಕ್ಕಿಯು ಮಿಡತೆಗಳನ್ನು ಹೇರಳವಾಗಿ ತಿಂದು ಪೈರನ್ನು ಕಾಯುವ ಹಕ್ಕಿಯೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಳ್ಳಮಾವಾಸ್ಯೆಯ ಚರಗವನ್ನು ಇಲ್ಲಿ ನೆನೆಯೋಣ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿಯನ್ನು ಪೂಜಿಸಿ, ಕಡುಬು ಹುಗ್ಗಿ ಪಲ್ಯಗಳನ್ನು ಪೈರಿನ ನಡುವೆ ಸುತ್ತಲೂ ಚೆಲ್ಲಿ ಬಳಿಕ ತಾವು ಉಣ್ಣುವರು. ಚೆಲ್ಲಿದುದನ್ನು ಹೆಕ್ಕಲು ಕಾಗೆ, ಗೊರವಂಕಗಳು ಬರುವುವು. ಆ ತುತ್ತಿಗೆ ಬಂದ ಹಕ್ಕಿ ಹೊಲದ ಹುಳುವನ್ನೂ ಹೆಕ್ಕುವುದು. ಆಚರಣೆಯ ಹೊರಗಿನ ರೂಪವನ್ನಷ್ಟೇ ಉಳಿಸಿಕೊಂಡು ಈ ಒಳಗಿನ ಭಾವವನ್ನು ಕಳೆದುಕೊಳ್ಳಬಾರದು.

ಒಂದು ಊರಿನ ಮೇಲ್ಪಂಕ್ತಿ

ಹಕ್ಕಿಗಳ ಸಂಗಡ ಬಾಳುವುದೆಂದರೇನೆಂಬುದನ್ನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಿಂದ ಕಲಿಯಬೇಕು. ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಬಂದು, ಮನೆಗಳ ನಡುವೆಯೇ ಇರುವ ಹುಣಿಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿಮಾಡಿ, ಮಳೆಗಾಲದ ಮುನ್ನ ಹೊರಟುಹೋಗುತ್ತವೆ. ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಮಾತು ಸಿಹಿಯಾಗಿದೆ, ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಹುಣಿಸೆ ಹಣ್ಣಾಗುವ ಕಾಲವೂ ಗೂಡುಗಳಲ್ಲಿ ಮರಿಗಳಿರುವ ಕಾಲವೂ ಒಂದೇ. ಮರವನ್ನು ಹತ್ತಿ ಬಡಿದರೆ ಹಣ್ಣು ದೊರೆಯುವುದು, ಮರಿ ಬೀಳುವುದು. ಆದುದರಿಂದ ಮರದೊಡೆಯರು ಫಲವನ್ನು ಬಿಟ್ಟುಕೊಟ್ಟರು. ಮೀನಿನ ನಾತ, ಅಂಗಳಕ್ಕೆ ಬೀಳುವ ಹಿಕ್ಕೆ, ರಾತ್ರಿಯ ಗದ್ದಲ ಇವನ್ನೆಲ್ಲ ಸಹಿಸಿದರು. ಹಕ್ಕಿಗಳೂ ಬರಿಗೈಯಲ್ಲಿ ಬರಲಿಲ್ಲ: ಮರದಡಿಯ ಗುಂಡಿಗಳಲ್ಲಿ ಕೂಡುವ ಹಿಕ್ಕೆ ಹೊಲಕ್ಕೆ ಉತ್ತಮ ಗೊಬ್ಬರವಾಯಿತು.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ವಿಶೇಷವನ್ನು ಹೊರಜಗತ್ತಿಗೆ ತಿಳಿಸಿದರು. ಹಕ್ಕಿಗಳಿರುವ ಮರದೊಡೆಯರಿಗೆ ಪರಿಹಾರಧನ ಕೊಡುವ ಏರ್ಪಾಡಾಯಿತು. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಊರಿನ ಪ್ರೀತಿಯೊಂದೇ ಸಾಲದೆಂಬುದನ್ನು 2017ರ ಕೊನೆ ಮತ್ತು 2018ರ ಆರಂಭದ ತಿಂಗಳುಗಳು ತೋರಿಸಿಕೊಟ್ಟುವು. ಒಂದರ ಹಿಂದೆ ಒಂದರಂತೆ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದುವು. ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ತುಂಬಿದ್ದುವು. ಆ ಹುಳು ಬರುವುದು ಮೀನಿನ ಮೂಲಕ. ಮರಗಳನ್ನು ಬೆಳ್ಳೂರಿನವರು ಕಾಯಬಲ್ಲರು. ಹಕ್ಕಿಗಳು ಮೀನು ಹಿಡಿಯಲು ಹೋಗುವ ಸುತ್ತಲಿನ ಕೆರೆಗಳ ನೀರು ಕೆಡದಂತೆ ಕಾಯುವವರು ಯಾರು? ತವರುಮನೆಯೊಂದೇ ಚೆನ್ನಾಗಿದ್ದರೆ ಸಾಲದು, ಸೀಮೆಯೆಲ್ಲ ಚೆನ್ನಾಗಿರಬೇಕು. ನಮ್ಮ ನಮ್ಮ ಊರಿನ ಕೆರೆಗೆ ಚರಂಡಿಯನ್ನು ಬಿಡದಂತೆ ನೋಡಿಕೊಳ್ಳುವುದೂ ಎಲ್ಲಿಯೋ ಇರುವ ಹಕ್ಕಿಯ ಸೇವೆಯೇ ಆಗಿದೆ.

ಶಕುನವೂ ಪಂಜರವೂ

ಶಕುನ ಮುಹೂರ್ತಗಳ ಅಂಜಿಕೆಯನ್ನು ಶರಣರು ತೊಡೆದುಹಾಕಿದರು. ಆದರೂ ಹಾಲಕ್ಕಿ ನುಡಿಯಿತೆಂದು ಪ್ರಯಾಣ ನಿಲ್ಲಿಸುವವರು, ಮಾಳಿಗೆಯ ಮೇಲೆ ಗೂಬೆ ಕುಳಿತಿತೆಂದು ಕಲ್ಲು ಬೀಸುವವರು ಇನ್ನೂ ನಮ್ಮಲ್ಲಿದ್ದಾರೆ. ಹಾಲಕ್ಕಿಯೆಂಬುದು ಒಂದು ಸಣ್ಣ ಗೂಬೆ. ಅದು ಸಂಜೆ ನುಡಿಯುವುದು ತನ್ನ ಜೊತೆಯ ಹಕ್ಕಿಯೊಡನೆ, ನಮ್ಮ ಅದೃಷ್ಟದೊಡನೆ ಅಲ್ಲ. ಹಾಳುಗೋಡೆಯ ಕಣಜಗೂಬೆಯಂತೂ ಒಕ್ಕಲಿಗನ ಸಂಬಳವಿಲ್ಲದ ಕಾವಲುಗಾರ. ಇರುಳೆಲ್ಲ ಇಲಿ ಹಿಡಿಯುವುದೇ ಅದರ ಕಾಯಕ. ಕಾಳಿನ ಹಗೇವನ್ನು ಕಾಯುವವನನ್ನು ಅಪಶಕುನವೆಂದು ಕೊಲ್ಲುವುದಕ್ಕಿಂತ ದೊಡ್ಡ ಅಪಶಕುನ ಯಾವುದು?

ಶುಭಶಕುನವೆಂಬುದೂ ಹಕ್ಕಿಗೆ ಕೇಡಾಗಬಹುದು. ನಮ್ಮ ರಾಜ್ಯಪಕ್ಷಿ ನೀಲಕಂಠವು ಹೊಲದ ತಂತಿಯ ಮೇಲೆ ಕುಳಿತು ಮಿಡತೆ ಜೀರುಂಡೆಗಳನ್ನು ಹಿಡಿಯುವ ಹಕ್ಕಿ. ಹಾರಿದಾಗ ರೆಕ್ಕೆಯ ನೀಲಿ ಕಣ್ಣು ತುಂಬುವುದು. ಶಿವನ ಹೆಸರನ್ನೇ ಹೊತ್ತಿರುವ ಈ ಹಕ್ಕಿಯ ದರ್ಶನ ವಿಜಯದಶಮಿಯಂದು ಮಂಗಳಕರವೆಂದು, ತೆಲುಗುನಾಡಿನಲ್ಲಿಯೂ ಉತ್ತರ ದೇಶದಲ್ಲಿಯೂ ಅದನ್ನು ಹಿಡಿದು, ಕಾಲು ಕಟ್ಟಿ, ಮನೆಮನೆಗೆ ತಂದು ತೋರಿಸಿ ಹಣ ಪಡೆಯುವವರಿದ್ದಾರೆ. ಕಟ್ಟಿಹಾಕಿದುದರ ದರ್ಶನದಿಂದ ಬರುವ ಮಂಗಳವೆಂತಹದು? ಪಂಜರದ ಗಿಳಿಯದೂ ಇದೇ ಗತಿ. ನಾಡಿನ ಗಿಳಿಯನ್ನು ಹಿಡಿದು ಸಾಕುವುದು, ಗೂಡು ಕೀಳುವುದು, ಮೊಟ್ಟೆ ತೆಗೆಯುವುದು ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಅಕ್ಕಮಹಾದೇವಿ ಕಾಡಿನಲ್ಲಿ ಅಲೆಯುತ್ತ ಗಿಳಿ ಕೋಗಿಲೆ ನವಿಲುಗಳನ್ನು ಕಂಡು ತನ್ನ ಒಡೆಯನ ಸುಳಿವನ್ನು ಕೇಳಿದಳು. ಅವಳು ಕೇಳಿದ್ದು ಸ್ವತಂತ್ರವಾಗಿ ಹಾರಿಬಂದ ಹಕ್ಕಿಗಳನ್ನು. ನಾವು ಕಲಿಸಿದ ಎರಡು ಮಾತನ್ನು ನಮಗೇ ಒಪ್ಪಿಸುವ ಸೆರೆಯ ಗಿಳಿಗೆ ಯಾವ ಸುಳಿವು ಗೊತ್ತಿದ್ದೀತು?

ಅರಿಯದೆ ಆಗುವ ಕೇಡು

ಕೊಲ್ಲಬೇಕೆಂಬ ಮನಸ್ಸಿಲ್ಲದೆಯೇ ಕೊಲ್ಲುವ ಕೆಲವು ಬಗೆಗಳನ್ನು ಗೃಹಸ್ಥನು ತಿಳಿದಿರಬೇಕು.

ಬಿತ್ತನೆಯ ಬೀಜಕ್ಕೆ ಈಗ ಬಣ್ಣದೊಡನೆ ವಿಷವನ್ನು ಲೇಪಿಸಿರುತ್ತಾರೆ. ಉಳಿದ ಬೀಜವನ್ನು ಬದುವಿಗೆ ಚೆಲ್ಲಿದರೆ ಬೆಳವ, ನವಿಲು, ಗುಬ್ಬಿಗಳು ತಿಂದು ಸಾಯುವುವು. ಅದನ್ನು ಆಳವಾಗಿ ಹೂಳಬೇಕು. ಇಲಿಗೆ ವಿಷವಿಟ್ಟರೆ ವಿಷವುಂಡ ಇಲಿಯನ್ನು ತಿಂದ ಗೂಬೆ ಹದ್ದುಗಳಿಗೂ ಅದು ತಗಲುವುದು. ಬೋನು ಇಡುವುದು ಲೇಸು. ಗಾಳಿಪಟಕ್ಕೆ ಗಾಜು ಮೆತ್ತಿದ ದಾರವೂ ನೈಲಾನ್ ಮಾಂಜಾವೂ ಹಕ್ಕಿಗಳ ರೆಕ್ಕೆಯನ್ನು ಕತ್ತರಿಸುತ್ತವೆ. ಇಂತಹ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ನಿಷೇಧಿಸಿದೆ. ಹತ್ತಿಯ ನೂಲಿನಿಂದಲೂ ಗಾಳಿಪಟ ಹಾರುವುದೆಂದು ಮಕ್ಕಳಿಗೆ ತಿಳಿಸಬೇಕು.

ದನಕರುಗಳನ್ನು ಸಾಕುವವರು ರಣಹದ್ದಿನ ದುರಂತವನ್ನು ವಿಶೇಷವಾಗಿ ಅರಿಯಬೇಕು. 1990ರ ದಶಕದಿಂದೀಚೆಗೆ ಭಾರತದ ಮೂರು ಮುಖ್ಯ ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತಲೂ ಹೆಚ್ಚು ಭಾಗ ನಾಶವಾದುವು. ಯಾರೂ ಅವುಗಳನ್ನು ಬೇಟೆಯಾಡಲಿಲ್ಲ. ನೋವು ಬಾವುಗಳಿಗೆಂದು ಹಸುವಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ಹಸುವಿನ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. ಹಸುವಿನ ಮೇಲಿನ ಕರುಣೆಯೇ ಹದ್ದಿಗೆ ಮೃತ್ಯುವಾಯಿತು. ತಾಮ್ರದ ಕೊಳಗದ ಕಥೆಯೇ ದೊಡ್ಡದಾಗಿ ನಡೆಯಿತು. ಜಾನುವಾರುಗಳಿಗೆ ಆ ಔಷಧವನ್ನು ಕೊಡುವುದನ್ನು ಸರ್ಕಾರವು 2006ರಲ್ಲಿ ನಿಲ್ಲಿಸಿತು; ಅದೇ ಬಗೆಯ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಿತು. ಹದ್ದಿಗೆ ಕೇಡಿಲ್ಲದ ಮೆಲೋಕ್ಸಿಕ್ಯಾಮ್ ದೊರೆಯುತ್ತದೆ. ಪಶುವೈದ್ಯರಲ್ಲಿ ಅದನ್ನು ಕೇಳಿ ಪಡೆಯಬೇಕು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಿದರೂ, ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು.

ಕೊನೆಯದಾಗಿ, ಅತಿಯಾದ ಉಣಿಸು. ಊರ ಚೌಕದಲ್ಲಿ ಪಾರಿವಾಳಗಳಿಗೆ ಚೀಲಗಟ್ಟಲೆ ಕಾಳನ್ನು ಸುರಿಯುವುದರಿಂದ ಆ ಒಂದೇ ಜಾತಿ ಮಿತಿಮೀರಿ ಬೆಳೆಯುವುದು; ಒಣಗಿದ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೆ ರೋಗ ತರುವುದು. ಉಪ್ಪು ಎಣ್ಣೆಗಳ ಕುರುಕಲು, ಹಳಸಿದ ಅನ್ನ ಇವು ಹಕ್ಕಿಗೆ ಸಲ್ಲವು. ಸಜ್ಜೆ, ನವಣೆ, ಜೋಳದ ಹಿಡಿಕಾಳು, ಪೇರಲ ಬಾಳೆಗಳ ತುಂಡು ಸಾಕು. ಸಂಜೆಗೆ ಉಳಿದುದನ್ನು ಗುಡಿಸಿ ತೆಗೆಯಬೇಕು.

ನೋಡುವ ಸಂತೋಷ

ಇಷ್ಟೆಲ್ಲ ವಿಧಿನಿಷೇಧಗಳನ್ನು ಓದಿ ಇದು ಭಾರದ ವ್ರತವೆಂದು ಯಾರೂ ತಿಳಿಯಬಾರದು. ಬೆಳಗಿನ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕಾಲುಗಂಟೆ ಸುಮ್ಮನೆ ಕುಳಿತರೆ ಸಾಕು. ದಾಸವಾಳದ ಮುಂದೆ ಸೂರಕ್ಕಿ ರೆಕ್ಕೆ ಬಡಿಯುವುದು, ಟುವ್ವಿಹಕ್ಕಿ ಎಲೆಯ ಅಂಚನ್ನು ಹತ್ತಿಯ ಎಳೆಯಿಂದ ಹೊಲಿಯುವುದು, ಪಿಕಳಾರಗಳ ಜೋಡಿ ಒಂದೇ ಕೊಂಬೆಯಲ್ಲಿ ಕೂರುವುದು ಕಣ್ಣಿಗೆ ಬೀಳುವುವು. ಒಂದು ಪಟ್ಟಿಯಲ್ಲಿ ತಿಥಿಯನ್ನೂ ಕಂಡ ಹಕ್ಕಿಯನ್ನೂ ಮಕ್ಕಳಿಂದ ಬರೆಸಿದರೆ ಒಂದು ವರ್ಷದಲ್ಲಿ ಮನೆಯೇ ಒಂದು ಪಾಠಶಾಲೆಯಾಗುವುದು. ಏನನ್ನೂ ಬಯಸದೆ ನೋಡಲು ಕಲಿತವನ ಮನಸ್ಸು ತಾನಾಗಿ ನಿಲ್ಲುವುದು. ಏಕಾಗ್ರತೆಗೆ ಇದಕ್ಕಿಂತ ಸುಲಭವಾದ ಅಭ್ಯಾಸ ಗೃಹಸ್ಥನಿಗೆ ದೊರೆಯದು.

ಅಜ್ಜನು ಹೋಗಿ ಬಹಳ ವರ್ಷಗಳಾದುವು. ಆ ತಾಮ್ರದ ಕೊಳಗ ಇನ್ನೂ ಮನೆಯಲ್ಲಿದೆ. ಅದರಲ್ಲಿ ಈಗ ಕಾಳನ್ನು ತುಂಬಿಟ್ಟಿದ್ದೇವೆ. ಕಟ್ಟೆಯ ಮೇಲಿರುವುದು ಆಳವಿಲ್ಲದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು. ಆ ಕಲ್ಲಿನ ಮೇಲೆ ಗುಬ್ಬಿ ಬಂದು ನಿಂತಾಗಲೆಲ್ಲ ಅದರ ಕಾಲಿನ ಉದ್ದವನ್ನು ನೋಡುವುದು ನನಗೆ ರೂಢಿಯಾಗಿದೆ. ಸದ್ಭಕ್ತರೆಲ್ಲರ ಅಂಗಳಗಳಲ್ಲಿಯೂ ಅಂತಹದೊಂದು ತಟ್ಟೆಯಿರಲಿ. ಅದನ್ನಿಡುವ ಕೈಗೆ ಅರಿವೂ ಜೊತೆಗೂಡಲಿ.

ಮನನಕ್ಕೆ ಕೆಲವು ಪ್ರಶ್ನೆಗಳು

1. ಹಂಚಿ ಉಣ್ಣುವುದಕ್ಕೆ ಬಸವಣ್ಣನವರು ಹಕ್ಕಿಗಳನ್ನೇ ನಿದರ್ಶನವಾಗಿ ಆರಿಸಿಕೊಂಡುದರ ಔಚಿತ್ಯವೇನು?

2. ಕರುಣೆಯಿಂದ ಮಾಡಿದ ಕಾರ್ಯವು ಕೇಡಾಗಿ ಪರಿಣಮಿಸಿದ ಎರಡು ಸಂದರ್ಭಗಳನ್ನು ಈ ಪಾಠದಿಂದ ಆರಿಸಿ, ಅರಿವಿನ ಕೊರತೆ ಎಲ್ಲಿದ್ದಿತೆಂಬುದನ್ನು ವಿವರಿಸಿರಿ.

3. ಬೆಳೆಯನ್ನು ಕಾಯುವುದಕ್ಕೂ ಹಕ್ಕಿಯನ್ನು ಕೊಲ್ಲುವುದಕ್ಕೂ ಇರುವ ಭೇದವೇನು?

4. ಕೊಕ್ಕರೆ ಬೆಳ್ಳೂರಿನವರು ಬಿಟ್ಟುಕೊಟ್ಟುದೇನು, ಪಡೆದುದೇನು? ನಿಮ್ಮ ಊರಿನ ಕೆರೆಗೂ ಮರಗಳಿಗೂ ಅದರಿಂದ ಕಲಿಯತಕ್ಕದ್ದೇನು?

5. ನಿಮ್ಮ ಅಂಗಳಕ್ಕೆ ಬರುವ ಹಕ್ಕಿಗಳಲ್ಲಿ ಐದನ್ನು ಒಂದು ವಾರ ಗಮನಿಸಿ, ಅವು ಏನನ್ನು ತಿನ್ನುವುವು, ಎಲ್ಲಿ ಗೂಡು ಕಟ್ಟುವುವು ಎಂಬುದನ್ನು ಬರೆಯಿರಿ.